ಬೆಲ್ಲ ತಿಂದ ನಂಬರು

ಜುಲೈ 9, 2007. ಸೋಮವಾರ, ಬೆಳಿಗ್ಗೆ 11

ಫೋನ್ ಮತ್ತೆ ಕಾದ ಹಂಚಾಗಿದೆ. ಒದ್ದೆ ಬಟ್ಟೆಯ ಮೇಲೆ ಇಟ್ಟು ಕೂತಿದ್ದೇನೆ. ಕೇಬಲ್ ಚೂರು ಅಲ್ಲಾಡಿದರೂ ಕಂಪ್ಯೂಟರ್ ಮುನಿಸಿಕೊಳ್ಳುತ್ತದೆ. ಅಂಗಡಿಗಳ ಸೇಲ್ ಮೆಸೇಜುಗಳು ಒಂದೊಂದಾಗಿಯೇ ಹೋಗಬೇಕು, ಇರುವೆ ಸಾಲಿನ ಹಾಗೆ. ಆದರೂ ಹೋಗುತ್ತಿವೆ... ಗೋಕಾಕದ ಈ ಮಹಡಿ ಕೋಣೆಯಿಂದ ಮೂಡಲಗಿಗೆ, ಹುಕ್ಕೇರಿಗೆ, ಮಸಗುಪ್ಪಿಗೆ. ಕಳಿಸುತ್ತಿರುವುದು ನಾನು. ನಾನು!

ಮದುವೆಯಾಗಿ ಎರಡು ತಿಂಗಳು. ಬೆಳಗಾವಿಯ ಗೆಳತಿಯರೆಲ್ಲ ಹನಿಮೂನ್ ಫೋಟೋ ಕೇಳುತ್ತಾರೆ. ನಮ್ಮ ಹನಿಮೂನ್ ಎಂದರೆ ಗಂಡ ವೃಷಭನ ಬೈಕಿನ ಹಿಂದೆ ಕೂತು ಮೂರೂ ಊರಿನ ಪೇಟೆ ಸುತ್ತಿ, ಗಿರಾಕಿಗಳ ಮೊಬೈಲ್ ನಂಬರ್ ಕೇಳಿ ಬರೆದುಕೊಂಡದ್ದು. ಯಾಕೆ ಬೇಕು ಎಂದವರಿಗೆ ವೃಷಭ ಹೇಳುತ್ತಿದ್ದ: ಎಲ್ಲಿ ಸೇಲ್ ಇದ್ದರೂ ಸುದ್ದಿ ನಿಮ್ಮ ಜೇಬಿಗೇ ಬರುತ್ತದೆ. ಹಿಂದೆ ನಿಂತು ನಗುವುದು ನನ್ನ ಡ್ಯೂಟಿ. ಇದಕ್ಕಿಂತ ಚೆಂದದ ಹನಿಮೂನ್ ಯಾರಿಗೂ ಆಗಿಲ್ಲ.

ಫೋನ್ ತಣ್ಣಗಾಯಿತು. ಮತ್ತೆ ಶುರು.

ಜುಲೈ 12, ಗುರುವಾರ

ಮಾವನವರು ಊಟಕ್ಕೆ ಕೂತಾಗ ಮಾತು ತೆಗೆದರು. ಅವರ ಗೆಳೆಯರ ಸ್ಕೂಲಿನಲ್ಲಿ ಟೀಚರ್ ಜಾಗ ಖಾಲಿ ಇದೆಯಂತೆ. ಇಂಗ್ಲಿಷ್ ಮೀಡಿಯಮ್ ಸೊಸೆ, ಎಬಿಸಿಡಿ ಕಲಿಸಲಿ. ರೊಟ್ಟಿ ಮುರಿಯುತ್ತಲೇ ಹೇಳಿದೆ, ಕಲಿಸುವುದಿಲ್ಲ ಎಂದು. ಅತ್ತೆಯ ಕೈಯ ಸೌಟು ಅಲ್ಲೇ ನಿಂತಿತು. ವೃಷಭ ತಾಟು ನೋಡುತ್ತ ಕೂತ. ಹೇಡಿ. ನನ್ನ ಮುದ್ದು ಹೇಡಿ.

ಮಾವನವರು ಸಿಟ್ಟಾಗಲಿಲ್ಲ. ಅಂಗಡಿಯಲ್ಲಿ ಚೌಕಾಸಿ ಮಾಡುವಾಗಿನ ದನಿಯಲ್ಲೇ ಹೇಳಿದರು:

"ದೀಪಾವಳಿ ಪಾಡ್ಯಾ ತನಕಾ ಟೈಮ್ ಕೊಡ್ತೇನಿ. ಅಷ್ಟರಾಗ ಈ ಗೋಕಾಕ ಪ್ಯಾಟ್ಯಾಗಿನ ಒಬ್ಬ ವ್ಯಾಪಾರಸ್ಥ ನನ್ನ ಮುಂದ ನಿಂತು, ಈ ಹುಡುಗಿ ಕೆಲಸಾ ನನಗ ಬೇಕು ಅನ್ನಬೇಕು. ಅನ್ನಲಿಲ್ಲಂದ್ರ ಕಂಪ್ಯೂಟರ್ ನನ್ನ ಅಂಗಡಿಗೆ, ನೀ ಸಾಲಿ ಕಲಸಾಕ."

"ಆತ್ರಿ ಮಾಮಾ," ಅಂದೆ.

ಅಷ್ಟಕ್ಕೇ ಸುಮ್ಮನಿರದೆ, ನಿಮ್ಮ ಪಾತ್ರೆ-ಭಾಂಡೆ ಅಂಗಡಿಯ ಮೆಸೇಜಿನಿಂದಲೇ ಶುರು ಮಾಡಲಾ ಎಂದೂ ಕೇಳಿದೆ. ನಕ್ಕರು. ಬಾಹುಬಲಿ ಸ್ಟೀಲ್ ಭಾಂಡೆ ಅಂಗಡಿಗೆ ಜನ ಬರುವುದು ಬಾಯಿಮಾತಿನ ಮೇಲಂತೆ, ಡಬ್ಬಿಯ ಮಾತಿನ ಮೇಲಲ್ಲವಂತೆ.

ನೋಡೋಣ. ನನ್ನದೂ ಬಾಯಿಮಾತೇ. ಬೆರಳಲ್ಲಿ ಆಡುತ್ತೇನೆ, ಅಷ್ಟೆ.

ಆಗಸ್ಟ್ 14, ಮಂಗಳವಾರ

ಮೂಡಲಗಿಯ ಸೀರೆ ಅಂಗಡಿ ಉದ್ದಪ್ಪ ಅವರ ಪಂಚಮಿ ಸೇಲ್ ಮೆಸೇಜು ಮೊನ್ನೆ ಹೋಗಿತ್ತು. ಇಂದು ನೋಡಲು ಹೋದರೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ! ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಅಲ್ಲೇ. ಒಬ್ಬಳು ಗಂಡನ ಮೊಬೈಲನ್ನೇ ಕಸಿದುಕೊಂಡು ಬಂದಿದ್ದಾಳೆ, ಮೆಸೇಜು ತೋರಿಸದಿದ್ದರೆ ರಿಯಾಯಿತಿ ಸಿಗಲಿಕ್ಕಿಲ್ಲ ಎಂದು. ಉದ್ದಪ್ಪ ಅವರ ತಾಯಿ ಕೆಂಚವ್ವ ಗಲ್ಲಾಪೆಟ್ಟಿಗೆಯ ಬಾಜೂ ಕೂತು ನನ್ನ ಕೆನ್ನೆ ಹಿಂಡಿದರು. ಅವರ ತಂಬಾಕಿನ ವಾಸನೆ ಇನ್ನೂ ಕೆನ್ನೆಯ ಮೇಲಿದೆ.

ಗೋಕಾಕದಲ್ಲಿ ಮಾತ್ರ ಒಬ್ಬರೂ ಒಪ್ಪುವುದಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: ನಿಮ್ಮ ಮಾವನೇ ತಮ್ಮ ಅಂಗಡಿಯ ಮೆಸೇಜು ಯಾಕೆ ಕಳಿಸಿಲ್ಲ? ಮಾವನವರಿಗೆ ಇದು ಮೊದಲೇ ಗೊತ್ತಿತ್ತು. ಪಕ್ಕಾ ವ್ಯಾಪಾರಿ!

ಇರಲಿ. ಪಾಡ್ಯ ಇನ್ನೂ ದೂರ.

ಆಗಸ್ಟ್ 29, ಬುಧವಾರ

ಬೆಳಿಗ್ಗೆ ಉದ್ದಪ್ಪ ಅವರ ಫೋನು. ಗುರುತೇ ಸಿಗದ ದನಿ.

"ತಂಗೀ, ಅವ್ವ ಹ್ವಾದ್ಲು. ಎಲ್ಲಾರಿಗೂ ತಿಳಸಾಕ ನನ್ನ ಕೈಲೆ ಆಗವಲ್ದು. ನೀನಽ ತಿಳಸು."

ಅಳುತ್ತಲೇ ಟೈಪ್ ಮಾಡಿದೆ. ಕೆಂಚವ್ವ ಹೋದರು, ಮಸಗುಪ್ಪಿಯ ಹೊಲದಲ್ಲಿ ಸಂಜೆ ನಾಲ್ಕಕ್ಕೆ ಮಣ್ಣು. ಪಟ್ಟಿಯಲ್ಲಿದ್ದ ಎಲ್ಲರಿಗೂ ಕಳಿಸಿಬಿಟ್ಟೆ. ಮೂರೂ ಊರಿಗೆ. ಆ ಅಜ್ಜಿಗೆ ಅಷ್ಟಾದರೂ ಬೇಡವೇ?

ಸಂಜೆ ಮತ್ತೆ ಫೋನ್ ಮಾಡಿದ್ದರು. ಊರ ಹೊರಗಿನ ತನಕ ಜನ ಇದ್ದರಂತೆ. ದೂರದ ಬೀಗರಿಗೂ ಹೊತ್ತಿಗೆ ಸರಿಯಾಗಿ ಮುಖ ನೋಡಲು ಸಿಕ್ಕಿತಂತೆ. ಅವ್ವನ್ನ ನೀ ರಾಣಿ ಮಾಡಿ ಕಳಿಸಿದಿ ಅಂದರು.

ಸರ್ವಿಸ್ ಶುರು ಮಾಡಿದ್ದಕ್ಕೆ ಇಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ.

ಆಗಸ್ಟ್ 31, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಹುಕ್ಕೇರಿಯಲ್ಲಿ ಕೇದಾರಿ ಅವರ ಹೊಸ ಬೇಕರಿ, ಇಂದು ಓಪನಿಂಗ್. ನಿನ್ನೆ ಎಲ್ಲರಿಗೂ ಮೆಸೇಜು ಹಾಕಿದ್ದೆ. ವೃಷಭ ಇಸ್ತ್ರಿ ಶರ್ಟ್, ನಾನು ಮದುವೆಯ ಹಸಿರು ಸೀರೆ. ಹೋದರೆ... ರಿಬ್ಬನ್ ಇದೆ, ಬಲೂನ್ ಇದೆ, ಗಾಜಿನ ಹಿಂದೆ ಸಾಲು ಸಾಲು ಕೇಕು. ಜನ ಇಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಕೊನೆಗೆ ಕೇದಾರಿಯೇ ರಸ್ತೆಗಿಳಿದು ಪರಿಚಯದವರೊಬ್ಬರನ್ನು ತಡೆದು, ಮೆಸೇಜು ಬರಲಿಲ್ಲವೇ ಎಂದು ಕೇಳಿದರು.

"ಬಂದೈತ್ರಿ. ಆದ್ರ ಅದು ಸತ್ತ ಸುದ್ದಿ ತಂದ ನಂಬರ್ ಅಲ್ಲೇನ್ರಿ? ಮತ್ತ ಯಾರ್ ಹ್ವಾದ್ರೋ ಅಂತ ತಗೀಲೇ ಇಲ್ಲ. ನಮ್ಮಾಕಿ ನಂಬರ್ ನೋಡೇ ನೀರ್ ಹಾಕ್ಕೊಂಡ್ಳು."

ನೀರು ಹಾಕಿಕೊಳ್ಳುವುದು! ಕೆಂಚವ್ವ ಯಾರೆಂದೇ ತಿಳಿಯದ ಹುಕ್ಕೇರಿಯ ಹೆಂಗಸು, ನನ್ನ ನಂಬರ್ ನೋಡಿ ಸೂತಕವೆಂದು ತಲೆಗೆ ಸ್ನಾನ ಮಾಡಿದ್ದಾಳೆ. ಒಬ್ಬಳಲ್ಲ. ಊರಿಗೆ ಊರೇ.

ಕೇದಾರಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಅಕ್ಕಾರ, ನನ್ನ ಬೇಕರಿ ಸುರು ಮಾಡಾಕ ಮಸಣದ ಫೋನ್ ಹಚ್ಚಿದ್ರೇನ್ರಿ ನೀವು?"

ಒಂದು ಕೇಕಿನ ಡಬ್ಬಿ ಕೊಂಡುಕೊಂಡು ಬಂದೆವು. ಮೊಟ್ಟೆ ಇದೆಯಂತೆ. ನಮ್ಮದು ಜೈನರ ಮನೆ, ತರುವ ಹಾಗಿಲ್ಲ. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಕೊಟ್ಟೆವು.

ಸೆಪ್ಟೆಂಬರ್ 1, ಶನಿವಾರ

ಅತ್ತೆ ನನ್ನ ಫೋನನ್ನು ಕೋಲಿನಿಂದ ತಳ್ಳಿ ಬಚ್ಚಲಿನ ಗೂಡಿನಲ್ಲಿ ಇಟ್ಟಿದ್ದಾರೆ. ಆ ದಿನ ಅವರಿಗೂ ಮೆಸೇಜು ಬಂದಿತ್ತಲ್ಲ, ಅವರೂ ಸ್ನಾನ ಮಾಡಿದ್ದರಂತೆ. ನನಗೆ ಹೇಳಿರಲಿಲ್ಲ. ಫೋನಿಗೆ ಸ್ನಾನ ಮಾಡಿಸಲು ಆಗುವುದಿಲ್ಲ ಎಂಬುದೇ ಅವರ ದುಃಖ.

ಮಾವನವರು ಸುಲಭದ ದಾರಿ ಹೇಳಿದರು. ಸಿಮ್ ಬದಲಿಸು, ಹೊಸ ನಂಬರ್ ತಗೋ. ಇಲ್ಲವೇ ಪಾಡ್ಯದ ತನಕ ಯಾಕೆ, ಇವತ್ತೇ ಮುಚ್ಚು. ವೃಷಭನೂ ತಲೆ ಆಡಿಸಿದ.

ಬದಲಿಸುವುದಿಲ್ಲ ಅಂದೆ.

ನಮ್ಮ ಎಂಗೇಜ್‌ಮೆಂಟಿನ ದಿನ ವೃಷಭ ಕೈಯಲ್ಲಿಟ್ಟ ಸಿಮ್ ಅದು. ಮದುವೆ ತನಕ ಆ ನಂಬರಿನಲ್ಲಿ ನಾವು ಏನೇನು ಮಾತಾಡಿಲ್ಲ... ಆದರೆ ಕಾರಣ ಅದೊಂದೇ ಅಲ್ಲ. ತಾಯಿ ಸತ್ತವರು ಕೇಳಿದರು, ಸುದ್ದಿ ಮುಟ್ಟಿಸಿದೆ. ಅದರಲ್ಲಿ ನಾಚಿಕೆ ಪಡುವಂಥದ್ದೇನಿದೆ? ಹೊಸ ನಂಬರಿನ ಹಿಂದೆ ಅಡಗಿ ಕೂತರೆ ಕೆಂಚವ್ವನಿಗೆ ಮಾಡಿದ್ದು ತಪ್ಪು ಎಂದು ನಾನೇ ಒಪ್ಪಿದ ಹಾಗೆ.

ಬಚ್ಚಲಿಗೆ ಹೋಗಿ ಫೋನ್ ತಂದುಕೊಂಡೆ. ಕೈಯಲ್ಲೇ. ಎಲ್ಲರೂ ನೋಡುತ್ತಿರುವಾಗಲೇ.

ಸೆಪ್ಟೆಂಬರ್ 3, ಸೋಮವಾರ

ಅತ್ತೆ ತಾರಾಬಾಯಿ ಎರಡು ದಿನ ಮಾತಾಡಿರಲಿಲ್ಲ. ಇಂದು ಹೆಸರುಕಾಳು ಆರಿಸುತ್ತ ತಾವೇ ಶುರು ಮಾಡಿದರು. ನಾನು ಶಹರದವಳು, ನನಗೆ ತಿಳಿಯದ್ದು ನನ್ನ ತಪ್ಪಲ್ಲವಂತೆ. ಅವರ ತವರೂರು ದಡ್ಡಿಯಲ್ಲಿ ಸತ್ತೆಪ್ಪ ಎಂಬವನಿದ್ದನಂತೆ. ಯಾರು ಸತ್ತರೂ ಊರೂರಿಗೆ ಸುದ್ದಿ ಒಯ್ಯುವವನು ಅವನೇ. ಅಂಗಳದಲ್ಲೇ ನಿಂತು ಹೇಳಬೇಕು. ನೀರೂ ಕುಡಿಯದೆ ತಿರುಗಬೇಕು. ಲಗ್ನದ ಕರೆ ಕೊಡಲು ಅವನನ್ನು ಯಾರೂ ಕಳಿಸುತ್ತಿರಲಿಲ್ಲ.

ಹಾಗಾದರೆ ಅವನು ಯಾರ ಮನೆಯೊಳಗೂ ಹೋಗುತ್ತಲೇ ಇರಲಿಲ್ಲವೇ ಎಂದು ಕೇಳಿದೆ.

ಅತ್ತೆಯ ಕೈ ಕಾಳಿನಲ್ಲೇ ನಿಂತಿತು.

"ಹೋಗ್ತಿದ್ದ. ದುಃಖದ ಮನಿಯವರು ಸಿಹಿ ಊಟಾ ಮಾಡೂ ದಿನಾ ಮೊದಲ ಅಂವನ್ನಽ ಒಳಗ ಕರೀತಿದ್ರು. ಆ ಮನಿ ಯಜಮಾನ ತನ್ನ ಕೈಲೆ ಅಂವನ ಬಾಯಾಗ ಬೆಲ್ಲಾ ಹಾಕ್ಬೇಕು. ಎಲ್ಲಾರ ಮುಂದ. ಆಮ್ಯಾಲ ಅಂವಾ ಎಲ್ಲಾರಂಗ."

ಅತ್ತೆಯನ್ನು ತಬ್ಬಿಕೊಂಡು ಮುದ್ದು ಕೊಟ್ಟುಬಿಟ್ಟೆ. ಹೆಸರುಕಾಳು ಮನೆಯೆಲ್ಲ ಹಾರಿತು. ಹುಚ್ಚಿ ಅಂತ ಬೈದರು. ಆದರೆ ನಗುತ್ತಿದ್ದರು, ನೋಡಿದೆ.

ಸೆಪ್ಟೆಂಬರ್ 8, ಶನಿವಾರ. ಮಸಗುಪ್ಪಿಯಿಂದ ಬಂದು

ಎಲ್ಲಿಂದ ಶುರು ಮಾಡಲಿ!

ಮೊನ್ನೆ ಉದ್ದಪ್ಪ ಅವರ ಬಳಿ ಹೋಗಿ ಎಲ್ಲ ಹೇಳಿದ್ದೆ. ಮೊದಲು ರೇಗಿದರು. ತಾವು ಬಸವಣ್ಣನ ಒಕ್ಕಲು, ಸೂತಕವನ್ನು ಆತ ಎಂದೋ ತೆಗೆದು ಒಗೆದಿದ್ದಾನೆ, ಜನರಿಗೆ ಬುದ್ಧಿ ಇಲ್ಲ ಎಂದರು. ಆಮೇಲೆ, ಬುದ್ಧಿ ಇಲ್ಲದವರಿಗೆ ಬೆಲ್ಲ ಆದರೂ ಇರಲಿ ಅಂದರು. ಕೆಂಚವ್ವನ ಶಿವಗಣಾರಾಧನೆಗೆ, ಆ ಸಿಹಿ ಊಟಕ್ಕೆ, ಎಲ್ಲರನ್ನೂ ಕರೆಯುವ ಮೆಸೇಜು ಅದೇ ನಂಬರಿನಿಂದ ಹೋಯಿತು. ಇದನ್ನು ಎಲ್ಲರೂ ತೆರೆದಿದ್ದಾರೆ. ಸಾವಿನ ಮನೆಯ ಊಟ ಯಾವಾಗ ಎಂಬ ಸುದ್ದಿ ಸಾವಿನ ನಂಬರಿನಿಂದ ಬರುವುದು ನ್ಯಾಯವೇ ಅಲ್ಲವೇ?

ಜನವೋ ಜನ. ಅಡುಗೆಯ ಪಾತ್ರೆ ಸಾಲಲಿಲ್ಲ. ಉದ್ದಪ್ಪ ಯಾರಿಗೆ ಫೋನ್ ಮಾಡಿದರು? ಗೋಕಾಕದ ಬಾಹುಬಲಿ ಭಾಂಡೆ ಅಂಗಡಿಗೆ! ಮಾವನವರೇ ಟೆಂಪೋದಲ್ಲಿ ಹಂಡೆ, ಬೋಗಾಣಿ ಹೇರಿಕೊಂಡು ಬಂದರು. ಟೆಂಪೋ ನಿಲ್ಲಿಸಲು ಜಾಗ ಸಿಗದೆ ಕಬ್ಬಿನ ಹೊಲದ ಬದುವಿನಿಂದ ನಡೆದು ಬಂದರು. ಅವರು ಪಂದ್ಯ ಸೋತವರ ಹಾಗೆ ಜನರನ್ನು ನೋಡುತ್ತ ನಿಂತಿದ್ದಾಗಲೇ ಉದ್ದಪ್ಪ ಪಂಕ್ತಿಯ ನಡುವೆ ನನ್ನನ್ನು ಕರೆದರು.

"ಅವ್ವನ ಸುದ್ದಿ ತಂದಾಕಿ ಈಕಿ. ಈಕಿ ಬಾಯಿ ಸಿಹಿ ಆಗೂ ತನಕಾ ಈ ಮನ್ಯಾಗ ಯಾರೂ ಹೋಳಗಿ ಮುಟ್ಟೂ ಹಂಗಿಲ್ಲ."

ಬೆಲ್ಲದ ದೊಡ್ಡ ಉಂಡೆ. ಬಾಯಿ ಮುಚ್ಚಲೂ ಆಗಲಿಲ್ಲ. ಹಿಂದಿನಿಂದ ಒಬ್ಬಜ್ಜ, ಫೋನಿಗೂ ಚೂರು ತಿನಸ್ರಿ, ಅದೂ ಉಪಾಸ ಐತಿ ಎಂದ. ಇಡೀ ಪಂಕ್ತಿ ನಕ್ಕಿತು. ಉದ್ದಪ್ಪ ನಗಲಿಲ್ಲ. ನನ್ನ ಕೈಯಿಂದ ಫೋನ್ ತೆಗೆದುಕೊಂಡು ನಿಜವಾಗಿಯೂ ಬೆಲ್ಲ ಮುಟ್ಟಿಸಿದರು. ಅವರ ಕಣ್ಣು ತುಂಬಿತ್ತು.

ಫೋನಿನ ಐದರ ಗುಂಡಿ ಈಗ ಅಂಟುತ್ತಿದೆ. ಒರೆಸುವುದಿಲ್ಲ.

ಸೆಪ್ಟೆಂಬರ್ 15, ಶನಿವಾರ. ಗಣೇಶ ಚೌತಿ

ಕೇದಾರಿ ಬೇಕರಿಯ ಮೋದಕದ ಮೆಸೇಜು ನಿನ್ನೆ ನಾನಾಗಿ ಕಳಿಸಿದ್ದು. ಬಿಟ್ಟಿ. ಅವರು ಅರ್ಧ ಮನಸ್ಸಿನಿಂದ ಒಪ್ಪಿದ್ದರು. ಈಗ ಫೋನ್ ಬಂತು. ಮೋದಕ ಖಾಲಿ, ಖಾರಿ ಖಾಲಿ, ಕೊನೆಗೆ ಟೋಸ್ಟೂ ಖಾಲಿ. ಬಂದವರೊಬ್ಬರು ಕೇಳಿದರಂತೆ: ಬೆಲ್ಲ ತಿಂದ ನಂಬರಿನಿಂದ ಬಂದದ್ದು ಇದೇ ಅಂಗಡಿಯದಾ?

ವೃಷಭ ನನ್ನನ್ನು ಎತ್ತಿ ಗರಗರ ತಿರುಗಿಸಿದ. ಅತ್ತೆ ಬಾಗಿಲಲ್ಲಿದ್ದದ್ದು ಇಬ್ಬರಿಗೂ ಕಾಣಲಿಲ್ಲ.

ನವೆಂಬರ್ 6, ಮಂಗಳವಾರ

ಉದ್ದಪ್ಪ, ಕೇದಾರಿ ಇಬ್ಬರೂ ಹಬ್ಬಕ್ಕೆ ಮಾತಾಡಿಸಿ ಹೋಗುವ ನೆಪದಲ್ಲಿ ಬಂದು, ಈ ಹುಡುಗಿಯ ಕೆಲಸ ನಮಗೆ ಬೇಕು ಎಂದು ಮಾವನವರ ಮುಂದೆಯೇ ಹೇಳಿದರು. ಮಾವನವರು ಚಹಾ ಕೊಡಿಸಿದರು. ಅವರು ಹೋದ ಮೇಲೆ ಅಂದರು: ಒಬ್ಬ ಮೂಡಲಗಿ, ಒಬ್ಬ ಹುಕ್ಕೇರಿ. ಮಾತಾಗಿದ್ದು ಗೋಕಾಕ ಪೇಟೆಯದು.

ಪಾಡ್ಯಕ್ಕೆ ನಾಲ್ಕೇ ದಿನ. ಇಂದೂ ಗೋಕಾಕದ ಅಂಗಡಿಗಳನ್ನೆಲ್ಲ ಸುತ್ತಿದೆ. ಅದೇ ಪ್ರಶ್ನೆ. ನಿಮ್ಮ ಮಾವ ಯಾಕೆ ಕಳಿಸಿಲ್ಲ?

ಕಂಪ್ಯೂಟರ್ ಮಾವನವರ ಅಂಗಡಿಗೆ ಹೋಗಬಹುದು. ನಾನು ಸ್ಕೂಲಿಗೆ ಹೋಗುವುದಿಲ್ಲ. ಫೋನಿನಲ್ಲೇ ಒಂದೊಂದಾಗಿ ಒತ್ತಿ ಕಳಿಸುತ್ತೇನೆ, ಬೆರಳು ಸವೆಯುವ ತನಕ. ಇದನ್ನೂ ಮಾವನವರ ಮುಖಕ್ಕೇ ಹೇಳಿದೆ.

ನವೆಂಬರ್ 8, ಗುರುವಾರ, ಸಂಜೆ 5

ಈಗಷ್ಟೇ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ವೃಷಭ ಅಂದುಕೊಂಡೆ. ಮಾವನವರು! ಈ ಕೋಣೆಗೆ ಎಂದೂ ಬಂದವರಲ್ಲ. ನಿಂತೇ ಇದ್ದರು. ಕಂಪ್ಯೂಟರ್ ಒಯ್ಯಲು ಬಂದರೆಂದು ನಾನು ಅದಕ್ಕೆ ಅಡ್ಡ ನಿಂತೆ.

"ತುಳಸಿ ಲಗ್ನಾ ಮುಗದ ಮ್ಯಾಲ ಲಗ್ನದ ಸೀಜನ್. ಭಾಂಡೆ ಸೆಟ್ ಬಂದಾವು. ಬರಕೋ," ಅಂದರು.

ಬರೆದುಕೊಂಡೆ. ಲಗ್ನದ ಸಾಮಾನು, ಶುಭದ ಮಾತು... ಬೇಕಿದ್ದರೆ ನಾಳೆ ಹೊಸ ಸಿಮ್ ತಂದು ಅದರಿಂದ ಕಳಿಸಲಾ ಎಂದು ಕೇಳಿದೆ. ಬೇಕಂತಲೇ ಕೇಳಿದೆ.

"ಯಾವ ನಂಬರ್ ನೋಡಿ ಮಂದಿ ಕಾಲಾಗ ಚಪ್ಪಲಿ ಮೆಟ್ಟಿ ಪ್ಯಾಟಿಗೆ ಹೊಂಡ್ತಾರ, ಅದರಿಂದ ಕಳಸು."

ಅದರಿಂದಲೇ ಕಳಿಸುತ್ತಿದ್ದೇನೆ. ಇರುವೆ ಸಾಲು ಹೊರಟಿದೆ. ಮಾವನವರು ಕೆಳಗೆ ಹೋಗಿಲ್ಲ, ಕಿಟಕಿಯ ಬಳಿಯೇ ನಿಂತಿದ್ದಾರೆ. ಅತ್ತೆ ಕೆಳಗಿನಿಂದ ಕೂಗುತ್ತಿದ್ದಾರೆ, ಹೊತ್ತು ಮುಳುಗುತ್ತದೆ, ಊಟಕ್ಕೆ ಬನ್ನಿ ಎಂದು. ಇಬ್ಬರೂ ಕದಲಿಲ್ಲ. ಅವರು ನನ್ನತ್ತ ನೋಡುವುದಿಲ್ಲ, ನಾನು ಡೈರಿ ಬರೆಯುವ ನೆಪದಲ್ಲಿ ತಲೆ ತಗ್ಗಿಸಿದ್ದೇನೆ.

ಅವರ ಜೇಬಿನಲ್ಲಿ ಫೋನ್ ಸದ್ದಾಯಿತು. ಪಟ್ಟಿಯಲ್ಲಿ ಅವರ ನಂಬರೂ ಇದೆಯಲ್ಲ. ಹೊರಗೆ ತೆಗೆದರು. ಯಾವ ನಂಬರ್ ಎಂದು ನೋಡಿದರು. ತೆರೆದರು. ತಾವೇ ಹೇಳಿ ಬರೆಸಿದ್ದನ್ನು ಅಕ್ಷರ ಕೂಡಿಸಿ ಕೂಡಿಸಿ, ತುಟಿ ಅಲ್ಲಾಡಿಸುತ್ತ ಓದುತ್ತಿದ್ದಾರೆ. ಮುಗಿಯಿತು. ಮತ್ತೆ ಮೊದಲಿಂದ ಓದುತ್ತಿದ್ದಾರೆ. ಈಗ ತಲೆ ಎತ್ತಿದರು. ಮಾಮಾ, ಗೋಕಾಕ ಪೇಟೆಯ ಒಬ್ಬ ವ್ಯಾಪಾರಸ್ಥ ಎಂದಿದ್ದಿರಿ... ಎಂದು ಕೇಳಿಯೇ ಬಿಡಲಾ? ಕೇಳುತ್ತೇ—