ಹಳದಿ ದೀಪದ ಪುಟ ಎಲ್ಲಿದೆ?

ಮನೆಮನೆಗೆ ಉಸಿರಾಟದ ಯಂತ್ರ ಕೊಡುವ ಯೋಜನೆಯ ನಿರ್ದೇಶಕರೇ,

ನಿಮ್ಮ ಆನ್‌ಲೈನ್ ಕೈಪಿಡಿ ಇರುವುದು ಯಂತ್ರ ಬಳಸುವವರಿಗಾಗಿ ಅಲ್ಲ, ನಿಮ್ಮ ಕಚೇರಿಯ ಕುರ್ಚಿಗಳಿಗಾಗಿ. ಅದರಿಂದ ನನ್ನ ತಂಗಿಯ ಜೀವ ಹೋಗುವುದರಲ್ಲಿತ್ತು. ಸೌಜನ್ಯದ ಪೀಠಿಕೆ ಬೇಕಿದ್ದರೆ ಕೈಪಿಡಿಯ ಮೊದಲ ಪುಟದಲ್ಲಿರುವ ನಿಮ್ಮದೇ ಸಂದೇಶ ಓದಿಕೊಳ್ಳಿ. ಭಾವಚಿತ್ರ ಚೆನ್ನಾಗಿ ಬಂದಿದೆ.

ತಂಗಿಯ ಗಂಡ ದರ್ಜಿ. ಇರುವುದೊಂದೇ ಕೋಣೆ: ಕಿಟಕಿಯ ಬಳಿ ಹೊಲಿಗೆ ಯಂತ್ರ, ಗೋಡೆಗೆ ಮಂಚ, ಮಂಚದ ಪಕ್ಕ ನೀವು ಕೊಟ್ಟ ಯಂತ್ರ. ಕಳೆದ ತಿಂಗಳು ಒಂದು ಬೆಳಿಗ್ಗೆ ಅದು ಕೂಗತೊಡಗಿತು, ಹಳದಿ ದೀಪ ಹತ್ತಿತು. ನಿಮ್ಮ ಸಹಾಯವಾಣಿಯಲ್ಲಿ ಮೊದಲೇ ಮುದ್ರಿಸಿಟ್ಟ ದನಿ, "ದಯವಿಟ್ಟು ಆನ್‌ಲೈನ್ ಕೈಪಿಡಿ ನೋಡಿ" ಎಂದಿತು. ಪಕ್ಕದ ಬೀದಿಯಿಂದ ನಾನು ಓಡಿ ಬರುವಷ್ಟರಲ್ಲಿ ಅವನು ಫೋನಿನಲ್ಲಿ ಕೈಪಿಡಿ ತೆರೆದು ತಡಕಾಡುತ್ತಿದ್ದ.

"ಭಾವ, ಇದ್ರಲ್ಲಿ ಖರೀದಿ ಶಾಖೆ ಅಂತಿದೆ, ಉಗ್ರಾಣ ಶಾಖೆ ಅಂತಿದೆ, ಸಿಬ್ಬಂದಿ ಶಾಖೆ ಅಂತಿದೆ. ಇವಳು ಯಾವ ಶಾಖೆ?"

ತಂಗಿ ಏದುಸಿರಲ್ಲೇ, "ಸ್ಮಶಾನ ಶಾಖೆ ನೋಡಿ... ಅಲ್ಲಿರ್ತೀನಿ" ಎಂದಳು. ಅವಳ ಬಾಯಿ ಯಾವತ್ತೂ ಹಾಗೇ. ಆದರೆ ಆ ದಿನ ತುಟಿ ನೀಲಿಯಾಗಿತ್ತು.

'ಹಳದಿ ದೀಪ' ಎಂದು ಹುಡುಕಿದೆವು: ಏನೂ ಸಿಗಲಿಲ್ಲ. 'ಯಂತ್ರ ಕೂಗುತ್ತಿದೆ' ಎಂದು ಹುಡುಕಿದೆವು: ಯಂತ್ರ ವಿತರಣಾ ಸಮಾರಂಭದ ವರದಿ ಬಂತು. ಇಪ್ಪತ್ತು ನಿಮಿಷ ಹೀಗೆ ಕಳೆದು, ಕೊನೆಗೆ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ನಾಲ್ಕು ದಿನ ಅಲ್ಲಿದ್ದಳು.

ಐದನೆಯ ದಿನ ಆ ಪುಟ ನನಗೆ ಸಿಕ್ಕಿತು. ಉಗ್ರಾಣ ಶಾಖೆ, ಅದರೊಳಗೆ ಬಿಡಿಭಾಗಗಳು, ಅದರೊಳಗೆ 'ಶೋಧಕ ಕುರಿತ ಪರಿಷ್ಕೃತ ಸೂಚನೆ – ೭'. ಯಂತ್ರದ ಬೆನ್ನಲ್ಲಿರುವ ಸ್ಪಂಜಿನಲ್ಲಿ ಧೂಳು ಕಟ್ಟಿದರೆ ಹಳದಿ ದೀಪ ಹತ್ತುತ್ತದಂತೆ. ತಕ್ಷಣ ಯಂತ್ರದ ಜೊತೆ ಕೊಟ್ಟ ಸಣ್ಣ ಆಮ್ಲಜನಕದ ಸಿಲಿಂಡರಿಗೆ ಬದಲಾಯಿಸಿ, ಸ್ಪಂಜು ತೊಳೆದು ಒಣಗಿಸಿ ಹಾಕಬೇಕಂತೆ. ಸ್ಪಂಜಿನ ತುಂಬ ಹೊಲಿಗೆಬಟ್ಟೆಯ ನೂಲುಧೂಳಿತ್ತು. ಸಿಲಿಂಡರ್ ಮಂಚದ ಕೆಳಗೇ ಇತ್ತು! "ಕರೆಂಟು ಹೋದಾಗ ಮಾತ್ರ ತೆಗೀರಿ" ಎಂದು ನಿಮ್ಮವರು ಹೇಳಿ ಹೋಗಿದ್ದರು. ಕರೆಂಟು ಇತ್ತು, ಆದ್ದರಿಂದ ನಾವು ತೆಗೆಯಲಿಲ್ಲ. ನಿಮ್ಮ ಮಾತು ಕೇಳಿದ್ದೇ ನಮ್ಮ ತಪ್ಪು.

ಜಗಳವಾಡಲೆಂದೇ ನಿಮ್ಮ ಕಚೇರಿಗೆ ಬಂದೆ. ಕೈಪಿಡಿಗೆ ಪುಟ ಏರಿಸುವ ಗುತ್ತಿಗೆ ಕೆಲಸದ ಹೆಣ್ಣುಮಗಳನ್ನು ತೋರಿಸಿದರು. ಅಲ್ಲಿ ಎಲ್ಲರೂ ಅವಳನ್ನು ಪುಟಕ್ಕ ಎನ್ನುತ್ತಾರೆ. ನನ್ನ ಬೈಗುಳವನ್ನು ಪೂರ್ತಿ ಕೇಳಿಸಿಕೊಂಡು ಹೇಳಿದಳು:

"ಅಣ್ಣ, ಆ ಪುಟಾನ ನಾನು ಮೊದಲಿಗೇ ಇಟ್ಟಿದ್ದೆ. 'ಯಂತ್ರ ಕೂಗಿದರೆ ಏನು ಮಾಡಬೇಕು' ಅಂತ ಹೆಸರೂ ಕೊಟ್ಟಿದ್ದೆ. ಮೂರೇ ದಿನ ಇತ್ತು. ಸ್ಪಂಜು ಕೊಡೋದು ಉಗ್ರಾಣ, ಸಹಿ ಅವರ್ದು, ಪುಟ ಅವರ ಶಾಖೆ ಕೆಳಗೇ ಇರ್ಬೇಕು ಅಂತ ಆ ಶಾಖೆ ಸಾಹೇಬ್ರು ಕುಣಿದ್ಬಿಟ್ರು."

"ಎರಡೂ ಕಡೆ ಇಡೋಕಾಗಲ್ವೇನಮ್ಮ?"

"ಯಾಕಾಗಲ್ಲ? ಒಂದೇ ಪುಟ ಎಷ್ಟು ಕಡೆ ಬೇಕಾದ್ರೂ ತೋರಿಸುತ್ತೆ. ಇಲ್ಲೊಂದು ಗುರುತು ಹಾಕಿದ್ರೆ ಮುಗೀತು. ಹಾಗಂದಿದ್ದಕ್ಕೆ, 'ಒಂದು ಕಡತ ಎರಡು ಮೇಜಿನ ಮೇಲೆ ಇರೋದನ್ನ ಎಲ್ಲಾದ್ರೂ ಕಂಡಿದ್ದೀಯಾ?' ಅಂದ್ರು. ಆಮೇಲೆ ನೋಟಿಸ್ ಕೊಟ್ರು."

ಅನುಮತಿಯಿಲ್ಲದೆ ಪುಟ ಸ್ಥಳಾಂತರಿಸಿದ ಅಪರಾಧಕ್ಕೆ ವಿವರಣೆ ಕೊಡು ಎಂಬ ನೋಟಿಸ್. ಕೆಳಗೆ ನಿಮ್ಮ ಸಹಿ. ಆ ಪುಟ ಅವಳು ಇಟ್ಟ ಜಾಗದಲ್ಲೇ ಇದ್ದಿದ್ದರೆ ನನ್ನ ತಂಗಿ ಅರ್ಧ ನಿಮಿಷದಲ್ಲಿ ಸಿಲಿಂಡರಿನಿಂದ ಉಸಿರಾಡುತ್ತಿದ್ದಳು. ಹೇಳಿ, ವಿವರಣೆ ಕೊಡಬೇಕಾದವರು ಯಾರು?

ನಾನು ಮೂವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ, ಅಂದರೆ ಸೀಸದ ಅಕ್ಷರ, ಜೋಡಿಸಿದವನು, ಕಾರ್ಮಿಕ ಸಂಘದಲ್ಲಿ ಧ್ವಜ ಹಿಡಿದವನು. ಮೊಳೆಪೆಟ್ಟಿಗೆಯಲ್ಲಿ ಹೆಚ್ಚು ಬೇಕಾಗುವ ಅಕ್ಷರ ಕೈಗೆ ಹತ್ತಿರದ ಮನೆಯಲ್ಲಿರುತ್ತಿತ್ತು. ತಾನು ಹಿರಿಯ, ತನಗೆ ಮುಂದಿನ ಮನೆ ಬೇಕು ಎಂದು ಯಾವ ಅಕ್ಷರವೂ ಹಟ ಹಿಡಿಯಲಿಲ್ಲ. ಸೀಸದ ತುಂಡಿಗೆ ಇದ್ದ ವಿವೇಕ ನಿಮ್ಮ ಶಾಖಾಧಿಕಾರಿಗಳಿಗೆ ಬೇಡವೇ? ಉಸಿರು ಕಟ್ಟಿದವನು ಮೊದಲು ನಿಮ್ಮ ಕಚೇರಿಯ ಮೇಜುಗಳ ನಕ್ಷೆ ಬಾಯಿಪಾಠ ಮಾಡಬೇಕೇ? ಇಂಥ ಯಂತ್ರ ಇನ್ನೆಷ್ಟು ಮನೆಗಳಲ್ಲಿದೆ! ಅಲ್ಲೆಲ್ಲ ದೀಪ ಹತ್ತುವುದು ನಿಮ್ಮ ಸಭೆ ಮುಗಿಯಲಿ ಎಂದು ಕಾಯುವುದಿಲ್ಲ. ನಮ್ಮ ದರ್ಜಿ ಈಗ ಹೊಲಿಗೆ ಯಂತ್ರವನ್ನು ಕೋಣೆಯ ಹೊರಗೆ ಮೆಟ್ಟಿಲ ಬಳಿಗೆ ಎಳೆದುಕೊಂಡು, ಹೋಗಿಬರುವವರ ಕಾಲ ನಡುವೆ ಕೂತು ಹೊಲಿಯುತ್ತಿದ್ದಾನೆ. ಅವನು ಜಾಗ ಬದಲಿಸಿದ. ನಿಮ್ಮ ಪುಟ ಬದಲಿಸಲಿಲ್ಲ.

ನೋಟಿಸ್ ಹಿಂದಕ್ಕೆ ಪಡೆಯಿರಿ. ಆ ಹೆಣ್ಣುಮಗಳು ಇಟ್ಟ ಹೆಸರಿನಿಂದಲೇ, ಇಟ್ಟ ಜಾಗದಲ್ಲೇ ಆ ಪುಟವನ್ನು ಮತ್ತೆ ಇಡಿಸಿ. ಜಾಗದ ಬಗ್ಗೆ ಅನುಮಾನವಿದ್ದರೆ ಸಮಿತಿ ರಚಿಸಬೇಡಿ. ನಿಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕೈಪಿಡಿ ತೆರೆಯಿರಿ, ಮೂಗು ಮುಚ್ಚಿಕೊಳ್ಳಿ, ಹುಡುಕಲು ತೊಡಗಿ. ತಾಳಲಾರದೆ ಎಲ್ಲಿ ಉಸಿರು ಬಿಡುತ್ತೀರೋ, ಆ ಪುಟ ಅದಕ್ಕಿಂತ ಮೊದಲು ಇರಬೇಕು.

ಇಂತಿ,
ಆ ಪುಟವನ್ನು ಹುಡುಕಿಯೇ ಬಿಟ್ಟ, ಐದು ದಿನ ತಡವಾಗಿ ಹುಡುಕಿದ,
ಒಬ್ಬ ಅಣ್ಣ