ಹಲ್ಲು ಕಿರಿದ ಬೆಕ್ಕು

ಏ ಕೋತಿ,

ಇವತ್ತು ನಾವು ಸುತ್ತುತ್ತಿದ್ದ ಕರಕುಶಲ ಅಂಗಡಿಗಳನ್ನೆಲ್ಲ ಒಬ್ಬಳೇ ಸುತ್ತಿದೆ. ಮೂಲೆಯ ಪುಟ್ಟ ಅಂಗಡಿಯಲ್ಲಿ ಒಂದು ಮಣ್ಣಿನ ಬೆಕ್ಕು ಸಿಕ್ಕಿತು. ಅದಕ್ಕೆ ಮನುಷ್ಯರ ಹಾಗೆ ಸಾಲು ಹಲ್ಲು, ಒಂದು ಕಣ್ಣು ನೆತ್ತಿಯ ಹತ್ತಿರ. ನಮ್ಮ ಪಂದ್ಯಕ್ಕೆಂದೇ ಹುಟ್ಟಿದಂತಿತ್ತು. ಹುಟ್ಟುಹಬ್ಬಕ್ಕೆ ಒಬ್ಬರಿಗೊಬ್ಬರು ಊರಿನಲ್ಲೇ ಅತಿ ಕುರೂಪದ ಉಡುಗೊರೆ ಕೊಡಬೇಕು, ಮುಂದಿನದು ಬರುವವರೆಗೆ ಅದು ಹಾಲ್‌ನಲ್ಲೇ ಇರಬೇಕು ಎಂದು ನಿಯಮ ಮಾಡಿದವಳು ನೀನೇ.

ಕಿಸಕ್ಕನೆ ನಕ್ಕುಬಿಟ್ಟೆ. ಅಂಗಡಿಯಾಕೆಯ ಮುಖ ಸಣ್ಣದಾಯಿತು.

"ನಾನೇ ಮಾಡಿದ್ದು. ಅಷ್ಟು ಕೆಟ್ಟದಾಗಿದ್ಯಾ?"

"ಅಯ್ಯೋ, ಇಲ್ಲಮ್ಮ. ನನ್ನ ಗೆಳತಿಗೆ ತಗೋತಿದ್ದೀನಿ. ನೋಡಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಾಳೆ."

"ಹಾಗಾದ್ರೆ ಭದ್ರವಾಗಿ ಕಟ್ಟಿಕೊಡ್ತೀನಿ. ತುಂಬಾ ದೂರ ಹೋಗ್ಬೇಕಾ?"

"ಇಲ್ಲ, ಎರಡು ಬೀದಿ ಆಚೆ ಅಷ್ಟೆ."

ನಿನ್ನ ಬೀದಿಯ ತಿರುವಿನವರೆಗೆ ಹೋದೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದೆ.

ಪೊಟ್ಟಣ ಈಗ ಹಾಲ್‌ನಲ್ಲಿದೆ, ನೀನು ಕೊನೆಯ ಸಲ ಕೊಟ್ಟ ಕುಂಟ ಗೂಬೆಯ ಪಕ್ಕ. ಈ ಪತ್ರವನ್ನೂ ಅದರ ದಾರಕ್ಕೇ ಸಿಕ್ಕಿಸಿಡುತ್ತೇನೆ. ನಾವಿಬ್ಬರೂ ಮಾತು ಬಿಟ್ಟ ಮೇಲೆ ಈ ಮನೆಯ ಗೋಡೆಗೆ ಎಷ್ಟೋ ಸಲ ಬಣ್ಣ ಬಳಿಸಿದ್ದಾಯಿತು. ಪ್ರತಿ ಸಲವೂ ಮಗಳು, "ಅಮ್ಮಾ, ಈ ದರಿದ್ರ ಗೂಬೇನ ಈಗಲಾದ್ರೂ ಎತ್ತಿಡು" ಅನ್ನುತ್ತಾಳೆ.

"ಮುಂದಿನದು ಇನ್ನೂ ಬಂದಿಲ್ಲ ಕಣೇ" ಅನ್ನುತ್ತೇನೆ.