ಅಫ್ಸರ್ ಆಗೂ ಮಾತು

ಕೊಪ್ಪಳ, ೯ ಮಾರ್ಚ್ ೧೯೪೩, ಮಂಗಳವಾರ

ನಾಳೆ ಮುಂಜಾನೆ ಬೆಂಗಳೂರಿಗೆ ಹೊರಡಬೇಕು. ಫೌಜಿನ ಅಫ್ಸರ್ ತರಬೇತಿಗೆ ಅಲ್ಲೇ ಆರಿಸ್ತಾರ. ಹೋಗಬೇಕೋ ಬ್ಯಾಡೋ ಅನ್ನೂದು ಮನ್ಯಾಗ ಎಲ್ಲಾರಿಗೂ ಗೊತ್ತೈತಿ, ನನಗೊಬ್ಬವಗ ಗೊತ್ತಿಲ್ಲ.

ಅಪ್ಪ ತನ್ನ ಹತ್ತಿ ಅರಳಿ ಅಂಗಡಿಗೆ ಬಂದವರಿಗೆಲ್ಲ "ನಮ್ಮ ಹುಡುಗ ಅಫ್ಸರ್ ಆಗ್ತಾನ್ರಿ" ಅಂತ ಸಾರ್ಯಾನ. ಬ್ರಿಟಿಷರ ವಿರುದ್ಧ ಚಳವಳಿ ಮಾಡಿ ಗದಗಿನಾಗ ಜೈಲು ಕಂಡು ಬಂದ ನಮ್ಮ ಹಿರಿಯಣ್ಣ ಅಂದಪ್ಪಣ್ಣ ಊಟಕ್ಕ ಕುಂತಾಗ, "ನನ್ನ ಒದ್ದವರ ಬೂಟು ನೀ ಹಾಕ್ಕೋತೀಯೇನು?" ಅಂದ. "ನಾಳೆ ಜಪಾನಿನವರು ಬಂದ್ರ ಏನು ಮಾಡೂದು?" ಅಂತ ಕೇಳಿದೆ. ಕೈತೊಳಕೊಂಡು ಎದ್ದ. ನನಗ ಸಿಟ್ಟು ಬಂತು.

ಏನೂ ಅನ್ನದಾಕಿ ಶೇಖರಮ್ಮಕ್ಕ ಒಬ್ಬಾಕಿನ. ಆಕಿ ಗಂಡ ಉಮಾಪತಿ ಮಾವ ಸಿಂಗಪುರದ ದಂಡಿನಾಗ ಇದ್ದ. ಆ ಊರು ಜಪಾನಿನವರ ಕೈಗೆ ಬಿದ್ದು ವರ್ಷ ಆತು, ಮಾವನ ಸುದ್ದಿಯಿಲ್ಲ. ರೊಟ್ಟಿ ಬಡಿಯಾಕ ಕುಂತಾಗ, ಹೋಗಲೇನು ಅಂತ ಆಕಿನ್ನೂ ಕೇಳಿದೆ.

"ನಿಮ್ಮ ಮಾವನೂ ಹಿಂಗ ಕೇಳಿದ್ರು, ಹೋಗ್ರಿ ಅಂದೆ. ಇನ್ನ ಯಾರಿಗೂ ಹೇಳಾಂಗಿಲ್ಲ, ತಮ್ಮಾ. ನಿನಗ ಬೇಕಾಗಿದ್ದು ಏನು, ಅದನ್ನ ನೋಡಿಕೋ."

ನೋಡಿಕೊಂಡೆ. ಯುದ್ಧ ನನಗ ಬೇಕಾಗಿಲ್ಲ. ಅಪ್ಪನ ಅಂಗಡ್ಯಾಗ ಕುಂದ್ರೂದು ತಪ್ಪಿದ್ರ ಸಾಕಾಗಿತ್ತು, ಅಷ್ಟ. ಅದಕ್ಕ ಜನರನ್ನ ಸಾಯಾಕ ಕರಕೊಂಡು ಹೋಗೂದೇನು?

ಹೋಗಾಂಗಿಲ್ಲ. ಮುಂಜಾನೆ ಅಪ್ಪಗ ಹೇಳೂದು ಒಂದು ಕಷ್ಟ. ಅಂದಪ್ಪಣ್ಣ ತನ್ನ ಮಾತಿಗೇ ನಾ ನಿಂತೆ ಅಂತ ತಿಳಕೊಂಡು ನಗತಾನಲ್ಲ, ಅದನ್ನ ಹೆಂಗ ತಡಕೊಳ್ಳೂದೋ.